ಬಟ್ಟಲು ಹಿಡಿದ ಕೈ

ಚಳಿ ಕಾಲಿಟ್ಟಿತ್ತು. ಮುಸುಕಿನ ಜೋಳದ ಗರಿಗಳು ಒಣಗಿ, ಮುಟ್ಟಿದರೆ ಕಾಗದದಂತೆ ಸದ್ದು ಮಾಡುತ್ತಿದ್ದವು. ದೊಡ್ಡಮ್ಮನ ಮನೆಯ ಕಣದಲ್ಲಿ ಆಳೆತ್ತರ ತೆನೆ ಬಿದ್ದಿತ್ತು. ಇಬ್ಬನಿ ಆರುವುದನ್ನೇ ಕಾಯುತ್ತಿದ್ದ ಮೂವರು ಹೆಂಗಸರು ರಾಶಿಯ ಸುತ್ತ ಕೂತು ಸಿಪ್ಪೆ ಸುಲಿಯತೊಡಗಿದರು. ಹೆಬ್ಬೆರಳಿನಿಂದ ತುದಿ ಸೀಳಬೇಕು, ಎರಡು ಕಡೆಗೂ ಎಳೆಯಬೇಕು, ಬುಡ ಮುರಿಯಬೇಕು. ಸಿಪ್ಪೆ ಎಡಕ್ಕೆ, ತೆನೆ ಬಲಕ್ಕೆ.

ಮೂವರಲ್ಲಿ ಕೈ ನಿಧಾನವಾಗಿದ್ದವಳು ಮೈಕಕ್ಕ. ಊರಿನ ಶಿಶುಕೇಂದ್ರವನ್ನು ನಡೆಸುವವಳು ಅವಳೇ. ಮೇಲಿನ ಕಚೇರಿಯವರು ಕೈಯಲ್ಲಿ ಹಿಡಿಯುವ ಮೈಕೊಂದನ್ನು ಕೊಟ್ಟ ಮೇಲೆ ಅವಳ ನಿಜವಾದ ಹೆಸರು ಊರಿಗೆ ಮರೆತೇ ಹೋಗಿತ್ತು. ವಾರಕ್ಕೊಮ್ಮೆ ಬೀದಿ ಬೀದಿ ತಿರುಗಿ, "ತಾಯಂದಿರೇ, ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆ ಮೆತ್ತಗಿನ, ಗಟ್ಟಿಯಾದ ಊಟ ಕೊಡಿ" ಎಂದು ಕೂಗಿಕೊಂಡು ಹೋಗುವಳು. ಹಿಂದೆ ನಾಯಿಗಳೂ ದನಿಗೂಡಿಸುತ್ತಿದ್ದವು.

ಇವತ್ತು ಅವಳು ಮೈಕು ಬಿಟ್ಟು ಬಂದಿದ್ದಳು, ಮುಯ್ಯಿ ತೀರಿಸುವುದಕ್ಕೆ. ಹೋದ ವಾರ ಅವಳ ತಾಯಿಯ ಕಣದಲ್ಲಿ ದೊಡ್ಡಮ್ಮ ಬೆಳಗಿನಿಂದ ಸಂಜೆಯವರೆಗೆ ಕೂತು ಸುಲಿದುಕೊಟ್ಟಿದ್ದಳು. ಆ ಊರಿನಲ್ಲಿ ಒಬ್ಬರ ದುಡಿಮೆಗೆ ಇನ್ನೊಬ್ಬರ ದುಡಿಮೆಯೇ ಮರುಪಾವತಿ. ಕೇಂದ್ರಕ್ಕೆ ರಜೆಯಿದ್ದ ದಿನವೇ ನೋಡಿ ಬಂದಿದ್ದಳಾದರೂ ಅವಳ ಮನಸ್ಸು ತೆನೆಯ ಮೇಲಿರಲಿಲ್ಲ, ಜಗಲಿಯ ಮೇಲಿತ್ತು. ಅಲ್ಲಿ ಹಳೆಯ ಕಂಬಳಿಯ ಮೇಲೆ ದೊಡ್ಡಮ್ಮನ ಮೊಮ್ಮಗಳು ಪುಟ್ಟಿ ಕೂತಿದ್ದಳು. ಹತ್ತು ತಿಂಗಳ ಕೂಸು. ತಲೆಯೇ ದೊಡ್ಡದಾಗಿ ಕಾಣುವಷ್ಟು ಕೈಕಾಲು ಸಣ್ಣ.

ಕೇಂದ್ರದ ತಕ್ಕಡಿಯಲ್ಲಿ ಪುಟ್ಟಿಯ ತೂಕದ ಮುಳ್ಳು ನಿಂತಲ್ಲೇ ನಿಂತಿತ್ತು. ಮುಂದಿನ ತೂಕದ ಹೊತ್ತಿಗೂ ಏರದಿದ್ದರೆ ತಾಯಿ ಮಗು ಇಬ್ಬರೂ ಪಟ್ಟಣದ ಆಸ್ಪತ್ರೆಗೆ ಸೇರಿಕೊಳ್ಳಬೇಕೆಂದು ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದಳು. ತಾಯಿ, ಅಂದರೆ ದೊಡ್ಡಮ್ಮನ ಸೊಸೆ, ತರಕಾರಿ ತುಂಬುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಸುಗ್ಗಿಯಲ್ಲಿ ಜಾಗ ಬಿಟ್ಟರೆ ಆ ಜಾಗ ಇನ್ನೊಬ್ಬಳ ಪಾಲು. ಗಂಡ ಕಟಾವು ಯಂತ್ರದ ಹಿಂದೆ ಊರೂರು ಸುತ್ತುತ್ತಿದ್ದ. ಆ ಹುಡುಗಿಗೆ ಮೈಕಕ್ಕ ಬಿಡಿಸಿ ಬಿಡಿಸಿ ಹೇಳಿದ್ದಳು, ಚಿತ್ರ ತೋರಿಸಿದ್ದಳು, ಒಮ್ಮೆ ಎಲ್ಲರ ಮುಂದೆ ಗದರಿಸಿಯೂ ಇದ್ದಳು. ಅವಳು ತಲೆ ತಗ್ಗಿಸಿ ಹೂಂ ಅನ್ನುವಳು. ಕೂಸು ಮಾತ್ರ ಹಾಗೇ ಇತ್ತು.

"ಏನು ಮೈಕಕ್ಕ, ಇವತ್ತು ಬ್ಯಾಟರಿ ಮುಗೀತಾ?" ಅಂದಳು ಪಕ್ಕದಲ್ಲಿ ಸುಲಿಯುತ್ತಿದ್ದ ಹಾಲಿನವಳು. "ನೀವು ಸುಮ್ನೆ ಕೂತ್ರೆ ನಮ್ಮ ಎಮ್ಮೆಗೂ ಏನೋ ಕಳ್ಕೊಂಡ ಹಾಗಾಗುತ್ತೆ."

"ನಿಮ್ಮ ಎಮ್ಮೆನಾದ್ರೂ ನನ್ನ ಮಾತು ಕೇಳುತ್ತಲ್ಲ, ಸಾಕು."

ದೊಡ್ಡಮ್ಮ ನಗಲಿಲ್ಲ. ಅವಳು ಕೈಯಲ್ಲಿದ್ದ ತೆನೆಯ ಬುಡ ಮುರಿದು, ಜಗಲಿಯತ್ತ ತಿರುಗಿ, "ಪುಟ್ಟಿ, ನಿಮ್ಮಮ್ಮ ನೀರಿನ ಕೊಡ ಹೊರಗೇ ಬಿಟ್ಟು ಹೋಗಿದ್ದಾಳೆ. ಬಂದ ಮೇಲೆ ಹೇಳು, ಕೊಡಕ್ಕೆ ಕಾಲಿಲ್ಲ ಅಂತ" ಅಂದಳು.

ಕೂಸು ತನ್ನ ಹೆಸರು ಕೇಳಿ ತಿರುಗಿ ನೋಡಿತು.

ಹಾಲಿನವಳು ಮೈಕಕ್ಕನ ಕಡೆ ವಾಲಿ ಪಿಸುಗುಟ್ಟಿದಳು. "ಇವರ ಮನೇಲಿ ಅತ್ತೆ ಸೊಸೆಗೆ ಮಾತಿಲ್ಲ. ಏನು ಹೇಳೋದಿದ್ರೂ ಕೂಸಿಗೇ. ಅವಳೂ ಹಾಗೇ, 'ಪುಟ್ಟಿ, ನಿಮ್ಮಜ್ಜಿ ಉಪ್ಪು ಜಾಸ್ತಿ ಹಾಕಿದ್ದಾರೆ' ಅಂತಾಳೆ. ಪಾಪ, ಮಗು ಅಲ್ಲ ಅದು, ಅಂಚೆಡಬ್ಬಿ."

ಮೈಕಕ್ಕನ ಕೈ ತಡೆಯಿತು. ಊರಿನ ಯಾವ ಕೂಸಿನ ಕಿವಿಗೂ ಇಷ್ಟು ಮಾತು ಬಿದ್ದಿರಲಾರದು. ಆದರೆ ಒಂದೂ ಅದಕ್ಕೆಂದು ಆಡಿದ್ದಲ್ಲ.

ಮಧ್ಯಾಹ್ನ ದೊಡ್ಡಮ್ಮ ಕೈ ತೊಳೆದು, ಒಳಗಿನಿಂದ ಬಟ್ಟಲು ತಂದು, ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಮೈಕಕ್ಕ ಎದ್ದು ಹತ್ತಿರ ಹೋದಳು. ಬಟ್ಟಲಲ್ಲಿ ಇದ್ದದ್ದು ಗಂಜಿ ಎನ್ನುವುದಕ್ಕಿಂತ ಗಂಜಿಯ ತಿಳಿ. ತಳದಲ್ಲಿದ್ದ ಹೂವಿನ ಚಿತ್ರದ ಎಸಳೆಸಳೂ ಕಾಣುತ್ತಿತ್ತು.

"ದೊಡ್ಡಮ್ಮ, ಇದು ತುಂಬ ತೆಳು ಆಯ್ತು. ಚಮಚ ಓರೆ ಮಾಡಿದ್ರೂ ಬೀಳಬಾರದು, ಅಷ್ಟು ಗಟ್ಟಿ ಇರಬೇಕು. ಆವಾಗಲೇ ಮಗು ಹೊಟ್ಟೆ..."

"ಗೊತ್ತಮ್ಮ. ನಿನ್ನ ಕಹಳೆ ನಮ್ಮ ಮನೆ ಮುಂದೇನೇ ನಿಲ್ಲುತ್ತಲ್ಲ."

"ಗೊತ್ತಿದ್ದೂ ಹೀಗೇ ಮಾಡ್ತೀರ?"

ದೊಡ್ಡಮ್ಮ ಕೂಸಿನ ಗಲ್ಲ ಒರೆಸುತ್ತ ಕೂಸಿಗೇ ಹೇಳಿದಳು. "ನೀನೇ ಹೇಳು ಪುಟ್ಟಿ. ಬೆನ್ನಿಗೆ ಬಡಿದು ನಿನ್ನ ಕೊಲ್ಲೋಕೆ ಹೋದವಳು ನಾನಂತೆ. ಇವರ ಕೈಗೆ ಕೊಟ್ರೆ ಮಗು ಉಳಿಯಲ್ಲ ಅಂದಳಲ್ಲ ನಿಮ್ಮಮ್ಮ. ನೀರು ಯಾರ ಗಂಟಲಿಗೂ ಸಿಕ್ಕಿಕೊಳ್ಳಲ್ಲ, ಅಲ್ವಾ?"

ಕಣದಲ್ಲಿದ್ದ ಹಾಲಿನವಳು ಇತ್ತ ತಿರುಗಿದಳು.

ಮೈಕಕ್ಕನ ಬಾಯಿಯ ತುದಿಗೇ ಬಂದಿತ್ತು, ಮೆತ್ತಗೆ ನುರಿದರೆ ಸಿಕ್ಕಿಕೊಳ್ಳುವುದಿಲ್ಲ ಎಂಬ ಪಾಠ. ಅದು ಅವಳಿಗೆ ಬಾಯಿಪಾಠ. ಆದರೆ ಅದನ್ನು ನುಂಗಿಕೊಂಡು ಜಗಲಿಯ ಅಂಚಿನಲ್ಲಿ ಕೂತಳು. ಕಂಬಳಿಯ ಮೇಲೆ ಬಿದ್ದಿದ್ದ ಸಿಪ್ಪೆಯ ಎಳೆಯೊಂದನ್ನು ಬೆರಳಿಗೆ ಸುತ್ತುತ್ತ, "ಆವತ್ತು ಏನಾಯ್ತು ದೊಡ್ಡಮ್ಮ?" ಎಂದು ಕೇಳಿದಳು.

"ಏನಾಗೋದು? ಬೇಯಿಸಿದ್ದ ಆಲೂಗಡ್ಡೆ, ಒಂದು ಚೂರು ನುರಿದಿರಲಿಲ್ಲ. ಕೂಸಿನ ಉಸಿರು ಕಟ್ಟಿತು, ಮುಖ ಕಪ್ಪಾಯ್ತು. ತೊಡೆ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಬೆನ್ನಿಗೆ ಬಡಿದೆ. ಆಚೆ ಬಂತು. ಅಳು ಕೇಳಿಸಿದ ಮೇಲೇ ನನಗೂ ಉಸಿರು ಬಂದದ್ದು." ಅವಳು ಚಮಚವನ್ನು ಬಟ್ಟಲಿಗೆ ಇಳಿಸಿದಳು. "ಅಷ್ಟರಲ್ಲಿ ಅವಳು ಬಾಗಿಲಿಗೆ ಬಂದಿದ್ದಳು. ಬಡಿಯೋದು ಮಾತ್ರ ನೋಡಿದಳು."

"ನೀವು ಹೇಳಲಿಲ್ವಾ?"

"ಕೇಳಿದ್ರೆ ತಾನೆ ಹೇಳೋದು. ನಾನೇನು ಕಟಕಟೆಯಲ್ಲಿ ನಿಂತಿದ್ನಾ?"

ಸಂಜೆಗೆ ರಾಶಿ ಅರ್ಧಕ್ಕಿಳಿದಿತ್ತು. ಮೈಕಕ್ಕನ ಪಾಲಿನ ಸುಲಿದ ತೆನೆ ಎಲ್ಲರಿಗಿಂತ ಕಡಿಮೆ. ಮಧ್ಯಾಹ್ನದಿಂದೀಚೆಗೆ ಅವಳು ಪುಟ್ಟಿಯನ್ನೇ ಎತ್ತಿಕೊಂಡು ತೆನೆಯ ರೇಷ್ಮೆಕೂದಲು ತೋರಿಸುತ್ತ ಕೂತಿದ್ದಳು. ಹಾಲಿನವಳು ಎಮ್ಮೆ ಕರೆಯುವ ಹೊತ್ತಾಯಿತೆಂದು ಎದ್ದು ಹೋದಳು. ಸೊಸೆ ಬರುವಾಗ ಬಿಸಿಲು ಗೋಡೆ ಹತ್ತಿತ್ತು. ಮೈಕಕ್ಕನನ್ನು ಕಂಡದ್ದೇ ಅವಳ ಮುಖ ಇಳಿದುಹೋಯಿತು. ನೀರಿನ ತೊಟ್ಟಿಯ ಹತ್ತಿರ ಕೈಕಾಲು ತೊಳೆಯುತ್ತ ತಗ್ಗಿದ ದನಿಯಲ್ಲಿ, "ಇನ್ನೂ ಏನಕ್ಕ? ಮನೆಗೂ ಬಂದ್ರಾ ಬೈಯೋಕೆ?" ಎಂದಳು.

"ಸುಲಿಯೋಕೆ ಬಂದೆ ಕಣಮ್ಮ."

"ನೀವು ಹೇಳೋದೆಲ್ಲ ನನಗೆ ಗೊತ್ತಕ್ಕ. ಬೆಳಿಗ್ಗೆ ಎದೆಹಾಲು ಕೊಟ್ಟು ಹೋದ್ರೆ ನಾನು ಬರೋದು ಈಗ. ತಾಯಂದಿರೇ, ತಾಯಂದಿರೇ ಅಂತೀರಲ್ಲ, ಹಗಲೆಲ್ಲ ಬಟ್ಟಲು ಹಿಡಿದಿರೋ ಕೈ ನನ್ನದಾ? ಆ ಕೈಗೆ ಹೇಳಿ."

ಮೈಕಕ್ಕನಿಗೆ ಕಪಾಳಕ್ಕೆ ಬಿದ್ದಂತಾಯಿತು. ಅವಳ ಚಿತ್ರಪಟದಲ್ಲಿ ಬಟ್ಟಲು ಹಿಡಿದಿದ್ದವಳೂ ತಾಯಿಯೇ. ಅಲ್ಲಿ ಒಬ್ಬ ಅಜ್ಜಿಯೂ ಇರಲಿಲ್ಲ.

"ನೀನೇ ಹೇಳಬಹುದಿತ್ತಲ್ಲ?"

"ಹೇಗೆ ಹೇಳಲಿ? ಮಗೂನ ಹಾಗೆ ಹೊಡೀತಿದ್ದವರಿಗೆ?"

"ಹೊಡೀತಿರಲಿಲ್ಲ. ಗಂಟಲಲ್ಲಿ ಸಿಕ್ಕಿದ್ದನ್ನ ಆಚೆ ತೆಗೀತಿದ್ದರು. ನಾನಿದ್ದಿದ್ರೂ ಹಾಗೇ ಮಾಡಬೇಕಿತ್ತು. ನಮಗೆ ಹಾಗೇ ಕಲಿಸೋದು. ಆವತ್ತು ಅವರ ಕೈ ಇರಲಿಲ್ಲ ಅಂದಿದ್ರೆ..."

ಸೊಸೆ ತೊಟ್ಟಿಯ ಅಂಚು ಹಿಡಿದುಕೊಂಡಳು. ಕಾಲ ಮೇಲಿನ ನೀರು ಅಲ್ಲೇ ಆರಿತು.

ಒಳಗೆ ಹೋಗಿ, ಸೊಸೆಗೆ ಈಗ ನಿಜ ತಿಳಿಯಿತೆಂದು ದೊಡ್ಡಮ್ಮನಿಗೆ ಹೇಳಿಬಿಡೋಣವೇ ಎಂದು ಮೈಕಕ್ಕನಿಗೆ ಅನಿಸಿತು. ಕಾಲೂ ಎತ್ತಿದಳು. ಆದರೆ ಈ ಮಾತು ತನ್ನ ಬಾಯಿಂದ ಹೋದರೆ ಅದೂ ಕಹಳೆಯ ಮಾತೇ ಆಗುತ್ತದೆ ಎನಿಸಿ, ಕಣಕ್ಕೆ ತಿರುಗಿ ಬಂದು ಒಂದು ತೆನೆ ಎತ್ತಿಕೊಂಡಳು.

ಜಗಲಿಯಲ್ಲಿ ಸೊಸೆ ಕೂಸನ್ನು ಎತ್ತಿಕೊಂಡಳು. ಒಳಗೆ ಒಲೆಯ ಮುಂದೆ ದೊಡ್ಡಮ್ಮನ ಬೆನ್ನು ಕಾಣುತ್ತಿತ್ತು.

"ಪುಟ್ಟಿ," ಅಂದಳು ಸೊಸೆ. ಕೂಸು ಕಣ್ಣು ಎತ್ತಿತು. "ನಿಮ್ಮಜ್ಜಿಗೆ ಹೇಳು. ಆವತ್ತು ನಾನು ನೋಡಿದ್ದು ಅರ್ಧ. ಹೆದರಿಕೇಲಿ ಬಾಯಿಗೆ ಬಂದದ್ದು ಅಂದುಬಿಟ್ಟೆ. ನಿನ್ನ ಉಳಿಸಿದ ಕೈ ಅದು. ನನಗೆ ಗೊತ್ತಾದದ್ದು ಇವತ್ತು."

ಪಾತ್ರೆಯಲ್ಲಿ ಸೌಟು ಆಡುವ ಸದ್ದು ನಿಂತಿತು. ಕೂಸು ಒಮ್ಮೆ ಇವಳ ಮುಖ, ಒಮ್ಮೆ ಆ ಬೆನ್ನು ನೋಡಿತು.

ಒಳಗಿನಿಂದ ದನಿ ಬಂತು. "ಪುಟ್ಟಿ, ನಿಮ್ಮಮ್ಮನಿಗೆ ಕೇಳು, ಕುಂಬಳಕಾಯಿ ಬೆಂದಿದೆ. ಎಷ್ಟು ನುರೀಬೇಕಂತೆ?"

ಸೊಸೆ ಮೈಕಕ್ಕನ ಕಡೆ ನೋಡಿದಳು. ಮೈಕಕ್ಕ ತೆನೆ ಕೆಳಗಿಟ್ಟು ಒಳಗೆ ಹೋದಳು. ಪಾಠ ಹೇಳಲಿಲ್ಲ. ದೊಡ್ಡಮ್ಮನೇ ಬೆಂದ ಹೋಳನ್ನು ಬೆರಳಿನ ನಡುವೆ ಹಿಸುಕಿ, ಗಂಟು ಉಳಿದಿದೆಯೇ ಎಂದು ನೋಡಿ, ಮತ್ತೆ ಹಿಸುಕಿ, ಬೇಯಿಸಿದ ಮೊಟ್ಟೆಯ ಹಳದಿಯನ್ನು ಅದಕ್ಕೆ ಸೇರಿಸಿ, ಚಮಚದಲ್ಲಿ ತೆಗೆದು ಓರೆ ಮಾಡಿದಳು. ಬೀಳಲಿಲ್ಲ.

"ನೆಟ್ಟಗೆ ಕೂರಿಸಿಕೊಳ್ಳಿ ದೊಡ್ಡಮ್ಮ. ಅದು ನುಂಗೋ ತನಕ ಕಾಯಿರಿ," ಅಂದಳು ಮೈಕಕ್ಕ. "ನಡುವೆ ಅದರ ಜೊತೆ ಮಾತಾಡ್ತಾ ಇರಿ. ಅದಕ್ಕೇ ಅಂತ ಒಂದೆರಡು ಮಾತು."

ಚಮಚ ಹಿಡಿದ ದೊಡ್ಡಮ್ಮನ ಕೈ ಕೂಸಿನ ಬಾಯಿಯ ಹತ್ತಿರ ಬಂದು ನಿಂತಿತು. ಸೊಸೆ ಆ ಕೈಯ ಕೆಳಗೆ ತನ್ನ ಅಂಗೈ ಒಡ್ಡಿ ಕೂತಳು. ಕೂಸು ಬಾಯಿ ತೆರೆಯಿತು. ಮೊದಲ ತುತ್ತು ಅರ್ಧ ಮೇಲ್ದುಟಿಗೆ ಮೆತ್ತಿತು. "ಅಯ್ಯೋ, ಹಳದಿ ಮೀಸೆ ಬಂತು ನಮ್ಮ ರಾಣಿಗೆ!" ಅಂದಳು ದೊಡ್ಡಮ್ಮ. ಬಹಳ ದಿನಗಳ ಮೇಲೆ ಕೂಸಿಗೇ ಎಂದು ಆಡಿದ ಮಾತು ಅದು.

ತೂಕದ ದಿನ ಪುಟ್ಟಿಯನ್ನು ಕೇಂದ್ರಕ್ಕೆ ಹೊತ್ತು ತಂದವಳು ದೊಡ್ಡಮ್ಮ. ಸೊಸೆಯೂ ಶೆಡ್ಡಿನಿಂದ ಓಡುತ್ತ ಬಂದಳು. ತಕ್ಕಡಿಯ ಮುಳ್ಳು ಅಲ್ಲಾಡಿ, ಹಳೆಯ ಜಾಗ ದಾಟಿ ನಿಂತಿತು. ಇರಬೇಕಾದಲ್ಲಿಗೆ ಇನ್ನೂ ಬಂದಿರಲಿಲ್ಲ. ನರ್ಸಮ್ಮ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿ, "ಸದ್ಯಕ್ಕೆ ಆಸ್ಪತ್ರೆ ಬೇಡ. ಹೀಗೇ ನಡೆಸಿ. ಮುಂದಿನ ತಿಂಗಳು ನೋಡೋಣ" ಎಂದಳು.

"ಪುಟ್ಟಿ, ನಿಮ್ಮಮ್ಮನಿಗೆ ಹೇಳು, ಹೊತ್ತಾಯ್ತು, ಶೆಡ್ಡಿಗೆ ಓಡಲಿ."

"ಕೇಳಿಸ್ತು ಅತ್ತೆ," ಅಂದು ಸೊಸೆ ಓಡಿದಳು.

ದೊಡ್ಡಮ್ಮ ಅವಳು ಹೋದ ದಾರಿಯನ್ನೇ ನೋಡುತ್ತ ನಿಂತಳು. ಮೈಕಕ್ಕ ತಕ್ಕಡಿ ಎತ್ತಿಟ್ಟು ಬಂದು ಕೂಸಿನ ಕೆನ್ನೆ ಹಿಂಡಿದಳು. ಈಗ ಅವಳು ಬೀದಿಯಲ್ಲಿ ಕೂಗುವುದು "ತಾಯಂದಿರೇ, ಅಜ್ಜಿಯರೇ, ಕೂಸು ಎತ್ತಿಕೊಂಡವರೇ" ಎಂದು. ನಾಯಿಗಳದ್ದು ಮಾತ್ರ ಹಳೆಯ ಪಲ್ಲವಿಯೇ.

"ಹಾಗಾದ್ರೆ ನನ್ನ ಮುಯ್ಯಿ ತೀರಿದ ಹಾಗೆ ಆಯ್ತಲ್ಲ ದೊಡ್ಡಮ್ಮ?"

"ಎಲ್ಲಿ ತೀರಿದ್ದು? ಮಧ್ಯಾಹ್ನದ ಮೇಲೆ ಒಂದು ತೆನೇನಾದ್ರೂ ನೆಟ್ಟಗೆ ಸುಲಿದ್ಯಾ? ಕೂಸು ಎತ್ಕೊಂಡು ಹರಟೆ ಹೊಡೆದದ್ದು ದುಡಿಮೆ ಲೆಕ್ಕಕ್ಕೆ ಬರಲ್ಲಮ್ಮ. ಅರ್ಧ ದಿನ ಹಾಗೇ ಬಾಕಿ ಇದೆ, ಬಂದು ತೀರಿಸು." ಅವಳು ಪುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ಆ ಕಹಳೆ ಮನೇಲಿಟ್ಟು ಬಾ."

"ಬರ್ತೀನಿ," ಅಂದಳು ಮೈಕಕ್ಕ.

ಯಾವತ್ತು ಎಂದು ಇವಳೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.