ತಂಗಿ ಎಂದು ಬರೆಸಿದ ಕಾಗದ

"ಮೊದಲನೇ ದಿನ ತಂಗಿ ಅಂತ ನೀವೇ ಬರೆಸಿದ್ದೀರಿ. ಈಗ ಪೇಷೆಂಟಿನ ತಮ್ಮ ಬಂದು, ನಮ್ಮನೇಲಿ ಇದ್ದಿದ್ದು ಒಬ್ಬಳೇ ಅಕ್ಕ, ಇನ್ನೊಂದು ಹೆಣ್ಣು ಹುಟ್ಟೇ ಇಲ್ಲ ಅಂತಾರೆ. ನಾನು ಯಾರ ಮಾತು ಕೇಳ್ಲಿ?"

ಆಸ್ಪತ್ರೆಯ ಡಿಸ್ಚಾರ್ಜ್ ಕೌಂಟರಿನ ಹೆಂಗಸಿನ ದನಿಯಲ್ಲಿ ಕೋಪವೇನೂ ಇರಲಿಲ್ಲ. ಬೆಳಗಿನಿಂದ ಮಾತಾಡಿ ಮಾತಾಡಿ ಗಂಟಲು ಒಣಗಿತ್ತು, ಅಷ್ಟೇ. ಗಾಜಿನ ಈಚೆ ನಿಂತಿದ್ದ ಚಿಕ್ಕಕ್ಕ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು.

ಚಿಕ್ಕಕ್ಕ ಎಂದರೆ ಫೋಟೋ ಫ್ರೇಮಿನಂಗಡಿಯ ಚಿಕ್ಕಕ್ಕ. ದೊಡ್ಡಕ್ಕ ಮರದ ಪಟ್ಟಿ ಕೊಯ್ದು ಮೂಲೆ ಕೂಡಿಸುವವಳು, ಚಿಕ್ಕಕ್ಕ ಗಾಜು ಕತ್ತರಿಸುವವಳು. ಹತ್ತೊಂಬತ್ತು ವರ್ಷಗಳ ಹಿಂದೆ ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೇಳಲು ಹೋದಾಗ ಮನೆ ಮಾಲೀಕರು, "ನೀವಿಬ್ರೂ ಏನಾಗ್ಬೇಕು?" ಎಂದಿದ್ದರು. ದೊಡ್ಡಕ್ಕ ಉತ್ತರ ಹುಡುಕುತ್ತಿರುವಾಗಲೇ ಚಿಕ್ಕಕ್ಕ ಥಟ್ಟನೆ, "ಅಕ್ಕ-ತಂಗಿ" ಎಂದುಬಿಟ್ಟಿದ್ದಳು.

"ಮುಖ ಒಂಚೂರೂ ಹೋಲಲ್ವಲ್ಲಮ್ಮ."

"ಅವಳು ನಮ್ಮಪ್ಪನ ಥರ ಸಾರ್, ನಾನು ಅಮ್ಮನ ಥರ."

ಆವತ್ತಿನಿಂದ ಇಡೀ ಬೀದಿಗೆ ಅವರು ದೊಡ್ಡಕ್ಕ, ಚಿಕ್ಕಕ್ಕ. ಮಹಡಿಗೆ ಹೋದದ್ದು ಒಂದೇ ಮಂಚ ಎಂಬುದನ್ನು ಬೀದಿ ನೋಡಿತ್ತು, ನೋಡಿಯೂ ಸುಮ್ಮನಿತ್ತು. ಗಂಡ ಹೆಂಡತಿಯರ ಹಾಗೆ ಬಾಳಿದರು, ಗಂಡ ಹೆಂಡತಿಯರ ಹಾಗೆಯೇ ಜಗಳವಾಡಿದರು. ಹೇಳಿದ್ದು ಸುಳ್ಳು ಎಂಬುದೇ ಚಿಕ್ಕಕ್ಕನಿಗೆ ಮರೆತುಹೋಗಿತ್ತು. ಹತ್ತೊಂಬತ್ತು ದಿನಗಳ ಹಿಂದೆ ದೊಡ್ಡಕ್ಕ ಗರಗಸ ಹಿಡಿದಲ್ಲೇ ಕುಸಿದು, ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿ, ಇದೇ ಆಸ್ಪತ್ರೆಗೆ ಹೊತ್ತು ತಂದಾಗ ಯಾರೋ "ಸಂಬಂಧ?" ಎಂದು ಕೇಳಿದರು. ಬಾಯಿ ತನ್ನಷ್ಟಕ್ಕೆ ತಾನೇ "ತಂಗಿ" ಎಂದಿತು. ದೂರದೂರಿನಲ್ಲಿದ್ದ ದೊಡ್ಡಕ್ಕನ ತಮ್ಮನಿಗೆ ಫೋನ್ ಮಾಡಿದವಳೂ ಚಿಕ್ಕಕ್ಕನೇ. ವಯಸ್ಸಾದ ತಾಯಿ ಇದ್ದಾರೆ, ಮಗಳ ಸ್ಥಿತಿ ಅವರಿಗೆ ತಿಳಿಯದೆ ಇರಬಾರದು ಎಂದುಕೊಂಡಿದ್ದಳು. ಅವನು ಬಂದು ಅಕ್ಕನನ್ನು ಊರಿಗೇ ಕರೆದುಕೊಂಡು ಹೋಗುತ್ತಾನೆ ಎಂಬ ಯೋಚನೆ ಆವತ್ತು ಹತ್ತಿರಕ್ಕೂ ಸುಳಿದಿರಲಿಲ್ಲ.

"ನಾನು ತಂಗಿ ಅಲ್ಲ," ಎಂದಳು ಈಗ. ಹಿಂದೆ ನಿಂತವರಿಗೂ ಕೇಳುವಷ್ಟು ಜೋರಾಗಿ ಬಂತು ಮಾತು. "ನಾವಿಬ್ರೂ ಒಟ್ಟಿಗೆ ಬಾಳ್ತಿರೋರು. ಮದುವೆ ಆದವರು ಇರ್ತಾರಲ್ಲ, ಹಾಗೆ."

ಸಾಲಿನಲ್ಲಿದ್ದ ಗಂಡಸೊಬ್ಬ ಫೋನಿನಿಂದ ತಲೆಯೆತ್ತಿ ನೋಡಿದ. ಕೌಂಟರಿನವಳು ದನಿ ತಗ್ಗಿಸಿದಳು. "ಟೀವೀಲಿ ದಿನಾ ಕಿತ್ತಾಡ್ತಾರಲ್ಲ, ಅದಾ?"

"ಅದೇ."

"ಆ ಕಾನೂನು ಇನ್ನೂ ಪಾಸಾಗಿಲ್ವಲ್ಲಮ್ಮ. ಮದುವೆ ಅಂತ ಕರೆದ್ರೆ ಈ ಕಡೆಯವರು ಒಪ್ಪಲ್ಲ, ಬರೀ ನೋಂದಣಿ ಮಾಡ್ಕೊಳ್ಳಿ ಅಂದ್ರೆ ಆ ಕಡೆಯವರು ಒಪ್ಪಲ್ಲ. ಅವರು ಮುಗಿಸೋ ಹೊತ್ತಿಗೆ ನಾನು ರಿಟೈರಾಗಿರ್ತೀನಿ." ಆಮೇಲೆ ಕಂಪ್ಯೂಟರಿನ ಪರದೆಯನ್ನು ಇವಳ ಕಡೆಗೆ ತಿರುಗಿಸಿದಳು. "ನೀವೇ ನೋಡಿ. ಗಂಡ, ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು. ಕೊನೇಲಿ ಇತರೆ. ಇತರೆ ಒತ್ತಲಾ? ಒತ್ತಿದ್ರೆ ನೋಡೋಕೆ ಬಿಡ್ತಾರೆ, ಕರ್ಕೊಂಡು ಹೋಗೋಕೆ ಬಿಡಲ್ಲ."

"ಅವಳನ್ನೇ ಕೇಳಿ, ಯಾರ ಜೊತೆ ಹೋಗ್ತೀಯ ಅಂತ."

"ಡಾಕ್ಟ್ರು ಕೇಳ್ತಾರೆ. ಮೇಲೆ ಹೋಗಿ."

ಮೆಟ್ಟಿಲು ಹತ್ತುವಾಗ ಚಿಕ್ಕಕ್ಕನಿಗೆ ಹೋದ ವರ್ಷದ ಜಗಳ ನೆನಪಾಯಿತು. ಈ ಕಾನೂನು ಬೇಕು ಎಂದು ಸಹಿ ಸಂಗ್ರಹಿಸುತ್ತಿದ್ದ ಇಬ್ಬರು ಹುಡುಗಿಯರು ಅಂಗಡಿಗೆ ಬಂದಿದ್ದರು. "ನಾವು ಅಕ್ಕ-ತಂಗಿ ಕಣ್ರಮ್ಮ, ನಮಗ್ಯಾಕೆ ಅದೆಲ್ಲ?" ಎಂದು ಇವಳು ನಗುನಗುತ್ತಲೇ ಸಾಗಹಾಕಿದ್ದಳು. ಅವರು ಹೋದ ಮೇಲೆ ನೋಡಿದರೆ ದೊಡ್ಡಕ್ಕ ಗರಗಸ ಕೆಳಗಿಟ್ಟು, ಕೈಗೆ ಮೆತ್ತಿದ ಮರದ ಹೊಟ್ಟನ್ನು ಒರೆಸಿಕೊಂಡು ನಿಂತಿದ್ದಳು. "ಸಹಿ ಹಾಕೋಣ ಅಂತ ಕೈ ಒರೆಸ್ಕೊಂಡೆ," ಎಂದಳು. "ಇರೋ ನೆಮ್ಮದಿ ಯಾಕೆ ಕೆಡಿಸ್ಕೊಳ್ಳೋದು?" ಎಂದಿದ್ದಳು ಇವಳು. ಮೂರು ದಿನ ಮಾತಿರಲಿಲ್ಲ.

ಈಗ ದೊಡ್ಡಕ್ಕನಿಗೆ ಉಳಿದಿರುವುದು ಒಂದೇ ಮಾತು: "ಸರಿ." ಮಿಕ್ಕಿದ್ದೆಲ್ಲ ತಲೆಯೊಳಗೆ ಎಲ್ಲೋ ಸಿಕ್ಕಿಕೊಂಡಿದೆ, ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಮೊದಮೊದಲು ಚಿಕ್ಕಕ್ಕನಿಗೆ ನಗುವೇ ಬಂದಿತ್ತು. ಜನ್ಮದಲ್ಲಿ ಒಂದು ಮಾತಿಗೂ ಸರಿ ಎನ್ನದವಳು. "ಆ ಹಳೇ ಬೀರು ಮಾರಿಬಿಡ್ಲೇನೇ?" ಎಂದು ಕೇಳಿದರೆ "ಸರಿ" ಎಂದಳು, ಕಣ್ಣಲ್ಲಿ ಕೆಂಡ ಕಾರುತ್ತ.

ವಾರ್ಡಿನಲ್ಲಿ ದೊಡ್ಡಕ್ಕನ ಮಂಚದ ಎಡಗಡೆ ಅವಳ ತಮ್ಮ ನಿಂತಿದ್ದ. ಶಾಲಾ ಬಸ್ಸು ಓಡಿಸುವವನು. ದೊಡ್ಡ ಆಳು, ನಾಚಿಕೆಯ ಸ್ವಭಾವ. ಇವಳನ್ನು ಕಂಡು ಸ್ವಲ್ಪ ಸರಿದು ಜಾಗ ಬಿಟ್ಟ. ಎಳೆಯ ವಯಸ್ಸಿನ ಡಾಕ್ಟರು ಬಗ್ಗಿ ಕೇಳಿದರು, "ನಿಮ್ಮ ತಮ್ಮನ ಜೊತೆ ಊರಿಗೆ ಹೋಗ್ತೀರಾಮ್ಮ?"

"ಸರಿ."

"ಇವರ ಜೊತೆ ಮನೆಗೆ ಹೋಗ್ತೀರಾ?"

ದೊಡ್ಡಕ್ಕ ಚಿಕ್ಕಕ್ಕನನ್ನೇ ನೋಡಿದಳು. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತು. "ಸರಿ. ಸರಿ ಸರಿ."

"ನೋಡಿ ಡಾಕ್ಟ್ರೇ, ಮೂರು ಸಲ ಅಂದ್ಲು."

"ಅಮ್ಮಾ, ಬೆಳಗ್ಗೆ ನಾನು ಇವರ ಹೆಸರು ಕೇಳಿದಾಗ್ಲೂ ಮೂರು ಸಲ ಅಂದ್ರು." ಡಾಕ್ಟರು ದೊಡ್ಡಕ್ಕನ ಕಡೆ ತಿರುಗಿದರು. "ಯಾರ ಜೊತೆ ಹೋಗ್ಬೇಕು ಅನ್ಸುತ್ತೋ ಅವರ ಕೈ ಹಿಡ್ಕೊಳ್ಳಿ, ನೋಡೋಣ."

ಅವಳಿಗೆ ಆಡುವುದು ಎಡಗೈ ಒಂದೇ. ಅದು ಮೆಲ್ಲನೆ ಎದ್ದು, ಗಾಳಿಯಲ್ಲಿ ತಡಕಾಡಿ, ಹತ್ತಿರವಿದ್ದ ತಮ್ಮನ ಕೆನ್ನೆ ಮುಟ್ಟಿತು. ಮನೆ ಬಿಟ್ಟು ಬಂದ ಮೇಲೆ ಅವನ ಮುಖ ಕಂಡದ್ದೇ ಈಗ. ಆಗ ಮೀಸೆ ಮೂಡಿರಲಿಲ್ಲ, ಈಗ ಮೀಸೆಯಲ್ಲಿ ಒಂದೆರಡು ಬಿಳಿ ಕೂದಲು. ಅವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅದು ಹೋಗುತ್ತೇನೆ ಎಂದದ್ದೋ, ಎಷ್ಟು ದೊಡ್ಡವನಾದೆಯೋ ಎಂದದ್ದೋ, ಯಾರಿಗೆ ಗೊತ್ತು? ಚಿಕ್ಕಕ್ಕನಿಗೂ ಗೊತ್ತಾಗಲಿಲ್ಲ. ಅವಳ ಉಸಿರಿನಲ್ಲೇ ಅವಳ ಮನಸ್ಸು ಓದುತ್ತಿದ್ದವಳಿಗೆ ಗೊತ್ತಾಗಲಿಲ್ಲ. ಡಾಕ್ಟರು ಏನೋ ಬರೆದುಕೊಂಡು, ಚಿಕ್ಕಕ್ಕನ ಮುಖ ನೋಡದೆ ಪಕ್ಕದ ಮಂಚಕ್ಕೆ ಹೋದರು.

ಮಧ್ಯಾಹ್ನ ಊರಿಗೆ ಹೊರಟ ಬಾಡಿಗೆ ವ್ಯಾನಿನವರೆಗೆ ಗಾಲಿಕುರ್ಚಿ ತಳ್ಳಿದವಳು ಚಿಕ್ಕಕ್ಕನೇ. ಪಕ್ಕದಲ್ಲಿ ತಮ್ಮ, ಔಷಧಿ ಚೀಲ ಹಿಡಿದುಕೊಂಡು.

"ನೀರು ಹಾಗೇ ಕುಡಿಸ್ಬೇಡಿ, ಶ್ವಾಸಕ್ಕೆ ಹೋಗುತ್ತೆ. ಈ ಪುಡಿ ಕಲಸಿ, ಗಟ್ಟಿ ಮಾಡಿ, ಚಮಚದಲ್ಲಿ ಕೊಡಿ. ಬೆಳಗ್ಗೆ ಕನ್ನಡಕ ಹಾಕೋವರೆಗೂ ಮಾತಾಡಿಸ್ಬೇಡಿ, ರೇಗ್ತಾಳೆ."

"ಈಗ್ಲೂನಾ?"

"ಈಗ್ಲೂ. ಸರಿ ಅಂತಾನೇ ಬೈತಾಳೆ."

ಅವನಿಗೆ ನಗು ಬಂತು. ಬಂದದ್ದು ಅಲ್ಲೇ ನಿಂತಿತು. "ನಿಮ್ಮನ್ನ ಏನಂತ ಕರೀಬೇಕೋ ನಂಗೆ ಗೊತ್ತಾಗ್ತಿಲ್ಲ. ಕೆಟ್ಟವನು ಅನ್ಕೋಬೇಡಿ. ಅಮ್ಮ ಹಾಸಿಗೆ ಹಾಸಿಟ್ಟು ಬಾಗಿಲಲ್ಲೇ ಕೂತಿದಾರಂತೆ."

"ನಾನು ಬಂದು ನೋಡ್ಬಹುದಾ?"

ಅವನು ಔಷಧಿ ಚೀಲದ ಬಾಯಿಗೆ ಗಂಟು ಹಾಕಿದ. "ಅಮ್ಮ ಇರೋವರೆಗೂ ಬೇಡ. ಫೋನ್ ಮಾಡಿ, ಅಕ್ಕನಿಗೆ ಕೊಡ್ತೀನಿ."

"ಮಾತೇ ಬರದವಳ ಹತ್ರ ಫೋನಲ್ಲಿ ಏನಪ್ಪಾ ಮಾತಾಡ್ಲಿ?"

ಇಬ್ಬರೂ ಸೇರಿ ದೊಡ್ಡಕ್ಕನನ್ನು ವ್ಯಾನಿಗೆ ಹತ್ತಿಸಿದರು. ಚಿಕ್ಕಕ್ಕ ಸ್ವಾಧೀನವಿಲ್ಲದ ಬಲಗಾಲನ್ನು ಎತ್ತಿ ಒಳಗಿಟ್ಟು, ಹೊದಿಕೆ ಸರಿಮಾಡಿ, ಇನ್ನೂ ಏನೋ ಹೇಳುವುದಿದೆ ಎಂಬಂತೆ ಬಾಗಿಲ ಅಂಚು ಹಿಡಿದು ನಿಂತಳು.

"ಹೊರಡೋಣ್ವಾ?" ಎಂದ ವ್ಯಾನಿನ ಡ್ರೈವರು, ಯಾರನ್ನೂ ನೋಡದೆ.

"ಸರಿ," ಎಂದಳು ದೊಡ್ಡಕ್ಕ.

ತಮ್ಮ ಹತ್ತಿ ಕೂತ, ಡ್ರೈವರು ಬಾಗಿಲು ಎಳೆದುಕೊಂಡ. ವ್ಯಾನು ಗೇಟು ದಾಟಿ, ಎಡಕ್ಕೆ ತಿರುಗಿ, ವಾಹನಗಳ ಸಾಲಿನಲ್ಲಿ ಸೇರಿಹೋಯಿತು. ಚಿಕ್ಕಕ್ಕನ ಕೈ ಖಾಲಿ ಗಾಲಿಕುರ್ಚಿಯ ಹಿಡಿಗೆ ಮರಳಿತ್ತು. ಆಗ ಕಾಲಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡಿದ್ದ ಮುದುಕರೊಬ್ಬರು ಕುಂಟುತ್ತ ಬಂದು, ಇವಳು ಆಸ್ಪತ್ರೆಯವಳೇ ಇರಬೇಕು ಎಂದುಕೊಂಡು, ಉಸ್ಸಪ್ಪ ಎಂದು ಅದರಲ್ಲಿ ಕೂತು ಎಕ್ಸ್‌ರೇ ಚೀಟಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದರು. ಚಿಕ್ಕಕ್ಕ ಚೀಟಿಯನ್ನು ತೆಗೆದುಕೊಂಡು, ಕುರ್ಚಿಯನ್ನು ತಿರುಗಿಸಿ, ಒಳಕ್ಕೆ ತಳ್ಳಿಕೊಂಡು ಹೋದಳು.