ಟಗರಿನ ಮೇಲಿಟ್ಟ ಉತ್ತರ

ಎಂ.ಎ. ಅರ್ಥಶಾಸ್ತ್ರದ ಒಂದು ಪೇಪರಿನಲ್ಲಿ ನಾನು ಎರಡು ಸಲ ಫೇಲಾದೆ. ಮೂರನೇ ಸಲವೂ ಫೇಲಾದರೆ ದುರ್ಗದ ಹಾಸ್ಟೆಲ್ ಸೀಟು ಹೋಗುತ್ತದೆಂದು ವಾರ್ಡನ್ ಹೇಳಿಯಾಗಿತ್ತು. ಅಪ್ಪನಿಗೂ ತಿಳಿಸಿದ್ದೆ. ನಮ್ಮೂರು ತಾಳ್ಯದಿಂದ ದಿನಾ ಓಡಾಡುವುದು ಆಗದ ಮಾತು. ಸೀಟು ಹೋದರೆ ಓದೂ ಹೋಯಿತು.

ನಾನು ಓದದವಳಲ್ಲ. ರೂಮಿನ ಗಂಗಾ ನಾಲ್ಕು ಬಣ್ಣದ ಪೆನ್ನಲ್ಲಿ ಗೆರೆ ಎಳೆದು ಓದುತ್ತಾಳೆಂದು ನಾನೂ ಎಳೆದೆ. ಪುಸ್ತಕ ಚೆಂದವಾಯಿತು, ಅಷ್ಟೆ. ಇಪ್ಪತ್ತೈದು ನಿಮಿಷ ಓದಿ ಐದು ನಿಮಿಷ ಬಿಡಿ ಎಂದು ಮೊಬೈಲಿನಲ್ಲಿ ಒಬ್ಬ ಹೇಳಿದ. ನನಗೆ ಆ ಐದು ನಿಮಿಷ ಮಾತ್ರ ಚೆನ್ನಾಗಿ ನೆನಪಿರುತ್ತಿತ್ತು. ಅಳು ಬರುತ್ತಿತ್ತು, ಯಾರ ಮೇಲೋ ಸಿಟ್ಟೂ ಬರುತ್ತಿತ್ತು.

ಪರೀಕ್ಷೆಗೆ ಮೊದಲು ಮೂರು ವಾರ ರಜೆ ಸಿಕ್ಕಿತು, ಊರಿಗೆ ಬಂದೆ. ಅಪ್ಪನ ಮೊಣಕಾಲು ಊದಿದ್ದರಿಂದ ಕುರಿ ಹಿಂದೆ ನಾನೇ ಹೊರಟೆ. ಸಂಜೆ ಅಪ್ಪ ರೊಪ್ಪದ ಬಾಗಿಲಲ್ಲಿ ನಿಂತು ಕುರಿಗಳನ್ನು ಒಳಗೆ ಬಿಡುತ್ತಾನೆ. ಎಣಿಸುವುದಿಲ್ಲ, ಮುಖ ನೋಡುತ್ತಾನೆ. "ಕುಂಟಿ ಬರ್ಲಿಲ್ಲ, ನೋಡೋಗು" ಎನ್ನುತ್ತಾನೆ. ಅವನಿಗೆ ನಲವತ್ತು ಮುಖ ನೆನಪಿರುವಾಗ ನನಗೆ ಇಪ್ಪತ್ತು ಉತ್ತರ ಯಾಕೆ ನಿಲ್ಲುವುದಿಲ್ಲ?

ಮರುದಿನದಿಂದ ಒಂದೊಂದು ಕುರಿಗೆ ಒಂದೊಂದು ಉತ್ತರ ಒಪ್ಪಿಸಿದೆ. ಕುಂಟಿಗೆ ಕೂಲಿ ಸಿದ್ಧಾಂತ, ಕರಿಮೂತಿಗೆ ಬ್ಯಾಂಕ್ ದರ. ಹದಿನೈದು ಅಂಕದ ದೊಡ್ಡ ಉತ್ತರಗಳನ್ನು ಮಾತ್ರ ನಮ್ಮ ನಾಲ್ಕು ಟಗರುಗಳಿಗೆ ಇಟ್ಟೆ; ದೊಡ್ಡದು ಮರೆಯುವುದಿಲ್ಲವಲ್ಲ. ಹಣದುಬ್ಬರ ನಮ್ಮ ಕೊಬ್ಬಿದ ಕೆಂಪನಿಗೆ. ಅದರ ಬೆನ್ನ ಮೇಲೆ ಕೈಯಿಟ್ಟು ನಡೆಯುತ್ತ ಕಾರಣಗಳನ್ನು ಜೋರಾಗಿ ಹೇಳುತ್ತಿದ್ದೆ. ಹತ್ತೇ ದಿನಕ್ಕೆ, ಯಾವ ಕುರಿ ತಲೆಯೆತ್ತಿದರೂ ಅದರ ಉತ್ತರ ಬಾಯಿಗೆ ಬರುತ್ತಿತ್ತು. ನನಗೂ ತಲೆ ಇದೆ ಎಂದು ಮೊದಲ ಸಲ ಅನ್ನಿಸಿ ಖುಷಿಯಾಯಿತು.

ಪರೀಕ್ಷೆಯ ಹಿಂದಿನ ದಿನ ಬಸ್ಸಿಗೆ ಹೊರಟು ನಿಂತಾಗ ಚಿಕ್ಕಜಾಜೂರಿನ ವ್ಯಾಪಾರಿ ಗಾಡಿ ತಂದ. ಬಕ್ರೀದ್ ಹತ್ತಿರವಿತ್ತು. ಅಪ್ಪ ನಾಲ್ಕೂ ಟಗರು ಹತ್ತಿಸಿದ. ಪ್ರತಿ ವರ್ಷದ ಮಾತೇ. ಕುರಿ ಕಾಯುವ ಮನೆಯಲ್ಲಿ ಹುಟ್ಟಿಯೂ ನನಗದು ಹೊಳೆಯಲಿಲ್ಲ. ಗಾಡಿಯೊಳಗಿಂದ ಕೆಂಪ ನನ್ನ ಕಡೆ ತಿರುಗಿ ಕೂಗಿತು.

"ಅಪ್ಪಾ, ನಾಳೆ ಒಂದಿನ ತಡೀಬಾರ್ದಾ?"

"ಯಾಕವ್ವ? ಮಾತು ಕೊಟ್ಟಾಗೈತೆ."

ಏನೆಂದು ಹೇಳಲಿ? ಹಣದುಬ್ಬರ ಗಾಡಿ ಹತ್ತಿತು ಎನ್ನಲೇ?

ಮರುದಿನ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ ಹಣದುಬ್ಬರದ ಕಾರಣಗಳು. ಕಣ್ಣು ಮುಚ್ಚಿದೆ. ಕೆಂಪ ಬಂತು, ಗಾಡಿಯೊಳಗಿಂದ ಕೂಗುತ್ತ ಬಂತು. ಉತ್ತರ ಬರಲಿಲ್ಲ. ಮತ್ತೆ ಮುಚ್ಚಿದೆ. ಮತ್ತೆ ಅದೇ ಗಾಡಿ, ಅದೇ ಕೂಗು. ಉಳಿದ ಮೂರು ಟಗರುಗಳದ್ದೂ ಅದೇ ಕಥೆ. ಕುಂಟಿ, ಕರಿಮೂತಿ ತಮ್ಮ ಸಣ್ಣ ಟಿಪ್ಪಣಿ ಒಪ್ಪಿಸಿ ಹೋದವು, ಅಷ್ಟರಲ್ಲಿ ಪಾಸಾಗುವುದಿಲ್ಲ. ಬರೆಯಲೂ ಆಗದೆ, ಎದ್ದು ಹೋಗಲೂ ಆಗದೆ ಗಂಟೆ ಹೊಡೆಯುವತನಕ ಕುಳಿತಿದ್ದೆ.

ಸಂಜೆ ಅಪ್ಪ ಫೋನು ಮಾಡಿದ. ಬಿಕ್ಕುತ್ತ ಎಲ್ಲ ಹೇಳಿದೆ. ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ.

"ಬಕ್ರೀದ್ ದಾಟಿ ನಮ್ಮನೇಲಿ ಟಗರು ಯಾವತ್ತು ಉಳುದೈತೆ ನೇತ್ರಾ? ಉಳಿಯಾವು ಹೆಣ್ ಕುರಿ. ನನ್ನೊಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ."

ಆಮೇಲೆ ಮೆಲ್ಲಗೆ ಕೇಳಿದ.

"ನಿನ್ನ ಟ್ರಂಕು, ಹಾಸಿಗೆ ತರಾಕೆ ಯಾವತ್ತು ಬರ್ಲಿ?"