ಮಿಲ್ ಪೇಟೆಯ ನಲವತ್ತಮೂರು ಬಂಡಿಗಳು

ಗೋಣಿಚೀಲದ ಮಿಲ್ಲು ಮುಚ್ಚಿ ಐದು ವರ್ಷವಾದ ಮೇಲೆ, 1989ರಲ್ಲಿ, ಅದರ ಮುಂದಿನ ಪೇಟೆಯನ್ನು ಉದ್ಧಾರ ಮಾಡಬೇಕೆಂದು ದೊಡ್ಡವರಿಗೆ ದಿಢೀರನೆ ಜ್ಞಾನೋದಯವಾಯಿತು. ಯೋಜನೆ ಬರೆಯುವ ಪುಣ್ಯಕಾರ್ಯ ವಿಶಾಖಪಟ್ಟಣದ ನಮ್ಮ ಬ್ಯಾಂಕಿನ ಶಾಖೆಗೆ ಬಂತು. ಮ್ಯಾನೇಜರ್ ಶಂಕರಪ್ಪನವರು ರಾಣೆಬೆನ್ನೂರಿನಿಂದ ವರ್ಗವಾಗಿ ಬಂದು ಆಗಿನ್ನೂ ನಾಲ್ಕು ತಿಂಗಳು. ನಾನು ಮೈಸೂರಿನವಳು, ಅದೇ ಶಾಖೆಯಲ್ಲಿ ಗುಮಾಸ್ತೆ. ಅದೇ ಊರಿನ ಎಂವಿಪಿ ಕಾಲೋನಿಯಲ್ಲಿ ಸಂಸಾರ ಹೂಡಿ ಎಂಟು ವರ್ಷವಾಗಿತ್ತು.

"ತೆಲುಗು ಕಲಿಯಾಕ ಏನೈತ್ರಿ ವಾಸಂತಿಯವರ?" ಎನ್ನುತ್ತಿದ್ದರು ಶಂಕರಪ್ಪನವರು. "ಅರ್ಧ ಶಬ್ದ ನಮ್ಮವ, ಉಳಿದರ್ಧ ನಮ್ಮಿಂದ ಕದ್ದಿದ್ದು." ಈ ಪಾಂಡಿತ್ಯದ ಬಲದಿಂದ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಪೇಟೆ ಸುತ್ತಿ ಪಟ್ಟಿ ಮಾಡುವ ಬಿಸಿಲು ನನ್ನ ಪಾಲಿಗೆ ಬಂತು.

ಎರಡು ದಿನ ಸುತ್ತಿದೆ. ಅರ್ಧ ಅಂಗಡಿಗಳಿಗೆ ಬೀಗ. ಜೀವ ಇದ್ದದ್ದು ಮಿಲ್ಲಿನ ಗೇಟಿನ ಮುಂದೆ ಮಾತ್ರ. ಅಲ್ಲೇ ಬಸ್ ಸ್ಟಾಪು, ಅಲ್ಲೇ ತಳ್ಳುವ ಗಾಡಿಗಳ ಸಾಲು. ಮೊದಲನೆಯದು ಲಕ್ಷ್ಮೀಕಾಂತಮ್ಮನದು, ಇಡ್ಲಿ ಮತ್ತು ಪೆಸರಟ್ಟು ಎಂಬ ಹೆಸರುಕಾಳಿನ ದೋಸೆ. ಗಂಡ ಮಿಲ್ಲಿನ ಮಗ್ಗದ ಕೆಲಸ ಹೋಗಿ ಮನೆಯಲ್ಲಿ ಕೂತಿದ್ದ. ನಾಲ್ಕು ಹೊಟ್ಟೆ ಆ ಗಾಡಿಯ ಮೇಲೆ ನಡೆಯುತ್ತಿದ್ದವು. "ಏನು ಬರ್ಕೊಳ್ತಿದೀರಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು. ನಿಮಗೆ ಒಳ್ಳೆಯದಾಗುತ್ತೆ ಎಂದೆ. ಅವಳು ಒಂದು ಇಡ್ಲಿ ಹೆಚ್ಚಿಗೆ ಹಾಕಿದಳು, ನಾನೂ ನಾಚಿಕೆಯಿಲ್ಲದೆ ತಿಂದೆ.

ಸಾಹೇಬರಿಗೆ ಓದಲು ಸುಲಭವಾಗಲೆಂದು ಪಟ್ಟಿಯನ್ನು ಕನ್ನಡದಲ್ಲೇ ಬರೆದೆ. ಕಿರಾಣಿ ಹನ್ನೊಂದು, ಕ್ಷೌರದಂಗಡಿ ಮೂರು, ಬಂಡಿ ನಲವತ್ತಮೂರು. ಇಲ್ಲಿಯವರ ಬಾಯಲ್ಲಿ ತಳ್ಳುಗಾಡಿಗೆ ಬಂಡಿ ಎಂದೇ ಹೆಸರು. ಇಡ್ಲಿ ಬಂಡಿ, ಹಣ್ಣಿನ ಬಂಡಿ. ಎಂಟು ವರ್ಷದಲ್ಲಿ ನನ್ನ ಬಾಯಿಗೂ ಅದೇ ಕೂತುಬಿಟ್ಟಿತ್ತು. ತಪ್ಪು ನನ್ನದೂ ಹೌದು, ಇಲ್ಲ ಅನ್ನುವುದಿಲ್ಲ.

ಶಂಕರಪ್ಪನವರು ಅದನ್ನು ಇಂಗ್ಲಿಷಿಗೆ ಇಳಿಸಿದರು. ಬಂಡಿ ಅವರಿಗೆ ಗೊತ್ತಿಲ್ಲವೇ? ಮನೆಯಲ್ಲಿ ಎರಡು ಬಂಡಿ, ನಾಲ್ಕು ಎತ್ತು ಇದ್ದ ಮನುಷ್ಯ. ಪೇಟೆಯ ನಟ್ಟನಡುವೆ ನಲವತ್ತಮೂರು ಎತ್ತಿನ ಬಂಡಿಗಳು ನಿಂತರೆ ವ್ಯಾಪಾರ ಹೇಗೆ ಚಿಗುರೀತು ಎಂದು ಮರುಗಿ ಹನ್ನೆರಡು ಪುಟ ಬರೆದರು. ಅವನ್ನೆಲ್ಲ ಎರಡು ಕಿಲೋಮೀಟರ್ ಆಚೆ ಕೆರೆ ಏರಿಯ ಹತ್ತಿರ ಸಾಗಿಸಬೇಕು. ಅಲ್ಲಿ ಬಂಡಿ ನಿಲ್ದಾಣ, ಎತ್ತುಗಳಿಗೆ ಸಿಮೆಂಟಿನ ನೀರಿನ ತೊಟ್ಟಿ, ನೆರಳಿಗೆ ಬೇವಿನ ಸಸಿ. ಗೇಟಿನ ಮುಂದೆ ಹೂಕುಂಡ ಮತ್ತು ಕಲ್ಲಿನ ಬೆಂಚು. ಬೆಂಚಿನ ಮೇಲೆ ಕೂತು ಜನ ಏನು ತಿನ್ನಬೇಕು ಎಂಬುದನ್ನು ಬರೆದಿರಲಿಲ್ಲ.

ವಿಜಯವಾಡದ ವಲಯ ಕಚೇರಿಯಿಂದ ಮಂಜೂರಾಗಿ ಬಂದ ಮೇಲೆಯೇ ನಾನು ಆ ವರದಿ ನೋಡಿದ್ದು. ನೇರ ಸಾಹೇಬರ ಕೋಣೆಗೆ ಹೋಗಿ, ಇಲ್ಲಿ ಬಂಡಿ ಅಂದರೆ ತಳ್ಳುಗಾಡಿ ಎಂದು ಹೇಳಿದೆ. ಶಂಕರಪ್ಪನವರು ಪೇಪರ್‌ವೇಟ್ ತಿರುಗಿಸಿದರು.

"ಅಲ್ರಿ, ವಿಜಯವಾಡದಾಗ ಎಲ್ಲಾರೂ ಶಭಾಷ್ ಅಂದಾರ. ಈಗ ಹೋಗಿ ಬಂಡಿ ಅಂದ್ರ ಬಂಡಿ ಅಲ್ಲ ಅನ್ಲ್ಯಾ? ವರದಿಯಾಗಿನ ಶಬ್ದ ಬದಲಿ ಮಾಡಾಕ ಬರಂಗಿಲ್ಲ. ಬಂಡಿ ಬೇಕಾದ್ರ ಬದಲಿ ಮಾಡಬಹುದು."

ಒಂದು ದಿನ ರಜೆ ಹಾಕಿ ವಿಜಯವಾಡದ ರೈಲು ಹತ್ತಿದೆ. ಗವರ್ನರ್‌ಪೇಟೆಯ ವಲಯ ಕಚೇರಿಯಲ್ಲಿ ಕಾಮೇಶ್ವರ ಎಂಬ ಅಧಿಕಾರಿ ನನಗೆ ಕಾಫಿ ತರಿಸಿ, ನಮ್ಮ ರೀ ಇದ್ದಂತೆ ಮಾತಿಗೊಮ್ಮೆ ಅಂಡಿ ಅಂಡಿ ಎನ್ನುತ್ತ ಬಹಳ ಮರ್ಯಾದೆಯಿಂದ ಮಾತಾಡಿದರು. ಅವರ ತೆಲುಗಿನ ಸಾರಾಂಶ ಇಷ್ಟು: ಫೈಲಿನಲ್ಲಿ ಇರುವುದು ಎತ್ತಿನ ಬಂಡಿ, ತಳ್ಳುಗಾಡಿ ಎಂಬುದು ಫೈಲಿನಲ್ಲೇ ಇಲ್ಲ. ಇಲ್ಲದ್ದನ್ನು ಯಾರು ತಾನೇ ಎಬ್ಬಿಸುತ್ತಾರೆ, ನೀವು ನಿಶ್ಚಿಂತೆಯಿಂದ ಇರಿ ಮೇಡಂ.

ನಿಶ್ಚಿಂತೆ ಹನ್ನೆರಡು ದಿನ ಬಾಳಿತು. ಹದಿಮೂರನೆಯ ದಿನ ಬೆಳಿಗ್ಗೆ ಲಾರಿ, ಪೊಲೀಸು, ನಲವತ್ತಮೂರು ಎಂದು ಬರೆದ ಕಾಗದ ಎಲ್ಲ ಒಟ್ಟಿಗೆ ಬಂದವು. ಸಾಲನ್ನು ಎಣಿಸಿ ನೋಡಿದರು, ಲೆಕ್ಕ ಸರಿಯಾಗಿತ್ತು. ಎತ್ತು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಒಂದು ಗಂಟೆಯಲ್ಲಿ ಸಾಲು ಖಾಲಿಯಾಗಿ, ಗೇಟಿನ ಮುಂದೆ ಹೂಕುಂಡಗಳು ಬಂದು ಕೂತವು.

ಮರುವಾರ ಬಂಡಿ ನಿಲ್ದಾಣದ ಉದ್ಘಾಟನೆ. ಕಾಮೇಶ್ವರ ಅವರೇ ಬಂದು ರಿಬ್ಬನ್ ಕತ್ತರಿಸಿದರು. ಕೆರೆ ಏರಿಯ ಮೇಲೆ ನಾವು, ಶಾಮಿಯಾನದವರು ಮತ್ತು ಬಂಡಿಯವರು ಬಿಟ್ಟರೆ ನರಪಿಳ್ಳೆ ಇಲ್ಲ. ತೊಟ್ಟಿಯ ತುಂಬ ನೀರು. ಕಾಮೇಶ್ವರ ಅವರು ಸುತ್ತ ನೋಡಿ, "ಎತ್ತುಗಳು ಎಲ್ಲಿ ಶಂಕರಪ್ಪ ಗಾರು?" ಎಂದರು. ಶಂಕರಪ್ಪನವರು ನನ್ನ ಮುಖ ನೋಡಿದರು. ನನಗೋ ಒಳಗೊಳಗೇ ಕುಣಿಯುವಷ್ಟು ಖುಷಿ. ಈಗ ಹೇಳಲಿ ನೋಡೋಣ ಎಂದು ಸುಮ್ಮನೆ ನಿಂತೆ.

ಹೇಳಿದವಳು ಲಕ್ಷ್ಮೀಕಾಂತಮ್ಮ. ಇಡ್ಲಿ ಪಾತ್ರೆ ಹೇರಿದ ಬಂಡಿಯನ್ನು ಪೇಟೆಯಿಂದ ಅಷ್ಟು ದೂರ ತಳ್ಳಿಕೊಂಡು ಆಗ ತಾನೇ ಬಂದಿದ್ದಳು. ರವಿಕೆ ಬೆವರಿಗೆ ಬೆನ್ನಿಗಂಟಿತ್ತು. "ಎತ್ತು ನಾನೇ ಬಾಬು," ಎಂದು, ತೊಟ್ಟಿಗೆ ಬಗ್ಗಿ ಬೊಗಸೆಯಲ್ಲಿ ನೀರು ಕುಡಿದಳು.

ಕಾಮೇಶ್ವರ ಅವರು ಇದನ್ನು ತಮಾಷೆ ಎಂದುಕೊಂಡು ನಕ್ಕರು. ಶಂಕರಪ್ಪನವರು ಅವರಿಗಿಂತ ಜೋರಾಗಿ ನಕ್ಕರು. ಫೋಟೋದವನು ಪಕ್ಕಕ್ಕೆ ಸರಿಯಲು ಹೇಳಿದಾಗ ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನನ್ನ ಹತ್ತಿರ ಬಂದಳು. ಬೈಯಲಿ ಎಂದು ಕಾದೆ, ಬೈಯಲಿಲ್ಲ.

"ಹಿಟ್ಟು ಹುಳಿಯಾಗ್ತಿದೆ ಅಮ್ಮಾ," ಎಂದಳು. "ನೀವೇ ಬರ್ಕೊಂಡು ಹೋದವರಲ್ವಾ, ನಿಮಗೆ ಗೊತ್ತಿರುತ್ತೆ. ಗಿರಾಕಿಗಳು ಎಷ್ಟು ಹೊತ್ತಿಗೆ ಬರ್ತಾರೆ?"